ಬಿಟ್ಟುಹೋದ ಕೆಲಸಕ್ಕೆ ಹೆಗಲು ಕೊಟ್ಟವರು

1990ರ ಸೆಪ್ಟೆಂಬರ್ 30, ಭಾನುವಾರ. ಉತ್ತರ ಕರ್ನಾಟಕದ ಕಡೆ ಹೊರಟಿದ್ದ ಕಾರೊಂದು ದಾವಣಗೆರೆ ಹತ್ತಿರದ ಆನಗೋಡು ಬಳಿ ಲಾರಿಗೆ ಡಿಕ್ಕಿಯಾಯಿತು. ಕಾರಿನಲ್ಲಿದ್ದ ಶಂಕರ್ ನಾಗ್ ಉಳಿಯಲಿಲ್ಲ. ಪತ್ನಿ ಅರುಂಧತಿ ಗಾಯಗೊಂಡರು. ಪುಟ್ಟ ಮಗಳೂ ಅದೇ ಕಾರಿನಲ್ಲಿದ್ದಳು. ಚಂದ್ರಶೇಖರ ಕಂಬಾರರ ನಾಟಕವನ್ನು ಆಧರಿಸಿದ ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆಂದು ಹೊರಟ ಪ್ರಯಾಣ ಅದು. ಇನ್ನು ನಲವತ್ತು ದಿನ ಕಳೆದಿದ್ದರೆ ಶಂಕರ್‌ಗೆ ಮೂವತ್ತಾರು ತುಂಬುತ್ತಿತ್ತು.

ಅಭಿಮಾನಿಗಳ ದುಃಖದ ಬಗ್ಗೆ ಈ ಮೂವತ್ತೈದು ವರ್ಷಗಳಲ್ಲಿ ಸಾಕಷ್ಟು ಬರೆದಾಗಿದೆ. ಬರೆಯಬೇಕಾದದ್ದೇ. ಬೆಂಗಳೂರಿನ ಆಟೊಗಳ ಹಿಂಬದಿಯಲ್ಲಿ ಇವತ್ತಿಗೂ ಆ ನಗುಮುಖ ಕಾಣುತ್ತದೆ. 1980ರಲ್ಲಿ ಬಂದ ‘ಆಟೊ ರಾಜ’ ಚಿತ್ರದ ನೆನಪನ್ನು ಆ ಸಿನಿಮಾ ಬಂದಾಗ ಹುಟ್ಟೇ ಇರದ ಚಾಲಕರು ಹೊತ್ತು ತಿರುಗುತ್ತಿದ್ದಾರೆ. ಯಾವ ಸರ್ಕಾರದ ಆದೇಶವೂ ಇಲ್ಲದೆ, ಯಾವ ಸಮಿತಿಯೂ ಇಲ್ಲದೆ ಉಳಿದುಕೊಂಡ ಗೌರವ ಅದು.

ನಾನು ಹೇಳಹೊರಟಿರುವುದು ಬೇರೆ ಮಂದಿಯ ವಿಚಾರ. ಜೊತೆಯಲ್ಲಿ ಕೆಲಸ ಮಾಡಿದವರದು. ಅಭಿಮಾನಿ ಕಳೆದುಕೊಳ್ಳುವುದು ಒಬ್ಬ ನಾಯಕನನ್ನು. ಸಹೋದ್ಯೋಗಿ ಕಳೆದುಕೊಳ್ಳುವುದು ನಾಳೆ ಬೆಳಗಿನ ತಾಲೀಮನ್ನು, ಅರ್ಧ ಮಾತಾಡಿ ಬಿಟ್ಟ ಒಂದು ಯೋಜನೆಯನ್ನು, ‘ಇದಾಗಲ್ಲ ಬಿಡೋ’ ಎಂದಾಗ ‘ಯಾಕಾಗಲ್ಲ?’ ಎಂದು ತಿರುಗಿ ಕೇಳುತ್ತಿದ್ದ ಒಂದು ದನಿಯನ್ನು. ಸಾವು ಕಾಯಿಲೆಯ ದಾರಿಯಲ್ಲಿ ಬಂದರೆ ಮನುಷ್ಯ ತನ್ನ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿ ಹೋಗುತ್ತಾನೆ. ಯಾವ ಫೈಲು ಎಲ್ಲಿದೆ, ಯಾರಿಗೆ ಏನು ಕೊಡಬೇಕು ಎಂದು ಹೇಳಿರುತ್ತಾನೆ. ಹಠಾತ್ತನೆ ಬಂದ ಸಾವಿನಲ್ಲಿ ಇದ್ಯಾವುದೂ ಇರುವುದಿಲ್ಲ. ಉಳಿದವರೇ ಕೂತು, ಅವನು ಏನು ಮಾಡಬೇಕೆಂದಿದ್ದ ಎಂದು ಊಹಿಸಬೇಕು. ಆಮೇಲೆ, ಅದನ್ನು ಮಾಡುವವರು ಯಾರು ಎಂಬ ಇನ್ನೂ ಕಷ್ಟದ ಪ್ರಶ್ನೆ ಬರುತ್ತದೆ.

ಶಂಕರ್ ನಾಗ್ ವಿಷಯದಲ್ಲಿ ಈ ಪ್ರಶ್ನೆ ಸಣ್ಣದಾಗಿರಲಿಲ್ಲ. ಹನ್ನೆರಡು ವರ್ಷಗಳಲ್ಲಿ ಆ ಮನುಷ್ಯ ಕೈಹಾಕಿದ್ದ ಕೆಲಸಗಳ ಪಟ್ಟಿ ಅಷ್ಟು ಉದ್ದವಿತ್ತು. ಉತ್ತರ ಕನ್ನಡದ ಹೊನ್ನಾವರ ಸೀಮೆಯಲ್ಲಿ ಹುಟ್ಟಿ, ಮುಂಬೈ ಸೇರಿ, ಅಲ್ಲಿ ಬ್ಯಾಂಕಿನ ಕೆಲಸದ ಜೊತೆಗೇ ಮರಾಠಿ ರಂಗಭೂಮಿಯಲ್ಲಿ ಬೆಳೆದ ಹುಡುಗ ಅವರು. ‘22 ಜೂನ್ 1897’ ಎಂಬ ಮರಾಠಿ ಚಿತ್ರದ ಚಿತ್ರಕಥೆಯಲ್ಲೂ ಅವರ ಕೈಯಿದೆ. ಕನ್ನಡಕ್ಕೆ ಅವರನ್ನು ಕರೆತಂದದ್ದು ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’. 1978ರ ಆ ಚಿತ್ರದ ಬಾಡಿಗೆ ಯೋಧನ ಪಾತ್ರಕ್ಕೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಮೊದಲ ಹೆಜ್ಜೆಗೇ ಅಷ್ಟು ದೊಡ್ಡ ಮನ್ನಣೆ ಸಿಕ್ಕವರು ಸಾಮಾನ್ಯವಾಗಿ ಎಚ್ಚರಿಕೆಯ ಹೆಜ್ಜೆ ಇಡತೊಡಗುತ್ತಾರೆ. ಶಂಕರ್ ಹಾಗೆ ಮಾಡಲಿಲ್ಲ. ಹೊಡೆದಾಟದ ಚಿತ್ರಗಳಲ್ಲಿ ಸಾಲುಸಾಲಾಗಿ ನಟಿಸಿದರು. ‘ಮಿಂಚಿನ ಓಟ’, ‘ಗೀತಾ’, ‘ಆಕ್ಸಿಡೆಂಟ್’, ‘ಒಂದು ಮುತ್ತಿನ ಕಥೆ’ ನಿರ್ದೇಶಿಸಿದರು. ಸಂಜೆಯಾದರೆ ‘ಸಂಕೇತ್’ ತಂಡದ ನಾಟಕ. ಧ್ವನಿಮುದ್ರಣಕ್ಕೆ ಮದರಾಸಿನ ದಾರಿ ಹಿಡಿಯಬೇಕಿದ್ದ ಕಾಲದಲ್ಲಿ ಬೆಂಗಳೂರಿನಲ್ಲೇ ಸ್ಟುಡಿಯೊ ಕಟ್ಟಿದರು. ನಟಿಸಿದ ಎಲ್ಲ ಚಿತ್ರಗಳೂ ಉಳಿಯುವಂಥವಲ್ಲ. ಹಲವು ಚಿತ್ರಗಳು ಸ್ಟುಡಿಯೊದ ಖರ್ಚು ಸರಿದೂಗಿಸಲು, ನಾಟಕದ ನಷ್ಟ ತುಂಬಲು ಮಾಡಿದಂತೆ ಕಾಣುತ್ತವೆ. ಅವನ್ನೂ ಮೇರುಕೃತಿಗಳೆಂದು ಹೊಗಳುವುದು ಆ ದುಡಿಮೆಗೆ ಮಾಡುವ ಅನ್ಯಾಯ.

ನನ್ನ ಲೆಕ್ಕದಲ್ಲಿ ಅವರ ಅತ್ಯುತ್ತಮ ಕೆಲಸ ‘ಮಾಲ್ಗುಡಿ ಡೇಸ್’. ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಕಟ್ಟಿದ ಊರನ್ನು ಆಗುಂಬೆಯ ಮಳೆಯಲ್ಲಿ ನಿಲ್ಲಿಸಿ, ಕನ್ನಡ ರಂಗಭೂಮಿಯ ಕಲಾವಿದರ ಬಾಯಲ್ಲಿ ಹಿಂದಿ ಆಡಿಸಿ, ಇಡೀ ದೇಶದ ಮನೆಮನೆಗೆ ತಲುಪಿಸಿದರು. ಯಾರೂ ಇದನ್ನು ಪರಭಾಷೆಯ ಧಾರಾವಾಹಿ ಎಂದು ನೋಡಲಿಲ್ಲ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ, ಎಲ್. ವೈದ್ಯನಾಥನ್ ಅವರ ಸಂಗೀತ; ಆರ್.ಕೆ. ಲಕ್ಷ್ಮಣ್ ಅವರ ರೇಖೆಗಳು. ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ನಿರ್ದೇಶಕನಿಗೆ ಗೊತ್ತಿತ್ತು. ಕಾರ್ನಾಡರ ವಿಷಯವನ್ನಂತೂ ಗಮನಿಸಿ. ಹುಡುಗನಾಗಿದ್ದ ಶಂಕರ್‌ಗೆ ಕ್ಯಾಮೆರಾ ಮುಂದೆ ನಿಲ್ಲಲು ಹೇಳಿದ ನಿರ್ದೇಶಕ, ಹತ್ತು ವರ್ಷ ತುಂಬುವ ಮೊದಲೇ ಅದೇ ಹುಡುಗನ ಕ್ಯಾಮೆರಾ ಮುಂದೆ ನಟನಾಗಿ ನಿಂತರು. ವಯಸ್ಸು, ಹೆಸರು, ಹಿರಿತನ ಯಾವುದೂ ಅಡ್ಡ ಬರದ ಸ್ನೇಹ ಅದು. ರಂಗಭೂಮಿಯವರಿಗೆ ಇದು ಗೊತ್ತಿರುವ ಸಂಗತಿಯೇ: ಇವತ್ತು ರಾಜನ ಪಾತ್ರ, ನಾಳೆ ಪರದೆ ಎಳೆಯುವ ಕೆಲಸ.

ಶಂಕರ್ ನೆನಪಿನ ಲೇಖನಗಳಲ್ಲಿ ತಪ್ಪದೆ ಬರುವ ಇನ್ನೊಂದು ಮಾತಿದೆ. ಬೆಂಗಳೂರಿಗೆ ಮೆಟ್ರೊ ಬರಬೇಕೆಂದು ಆಗಲೇ ಹೇಳಿದ್ದರು, ನಂದಿಬೆಟ್ಟಕ್ಕೆ ರೋಪ್‌ವೇ ಯೋಚಿಸಿದ್ದರು, ಬಡವರಿಗೆ ಕಡಿಮೆ ಖರ್ಚಿನ ಮನೆಯ ಲೆಕ್ಕ ಹಾಕಿದ್ದರು ಎನ್ನುತ್ತಾರೆ. ಇದನ್ನು ಓದಿದಾಗೆಲ್ಲ ನನಗೆ ಸ್ವಲ್ಪ ಕಸಿವಿಸಿ. ಅವರನ್ನು ಭವಿಷ್ಯ ನುಡಿದವರಂತೆ ಚಿತ್ರಿಸುವುದರಿಂದ ಅವರ ನಿಜವಾದ ಗುಣವೇ ಮರೆಯಾಗುತ್ತದೆ. ಕನಸು ಕಂಡವರು ಆ ಕಾಲದಲ್ಲೂ ಬೇಕಾದಷ್ಟು ಮಂದಿ ಇದ್ದರು. ಶಂಕರ್ ಕನಸಿನ ಬೆನ್ನಿಗೆ ತಂಡ ಕಟ್ಟುತ್ತಿದ್ದರು. ಗೆಳೆಯರನ್ನು ಕೂರಿಸಿಕೊಂಡು ಕೆಲಸ ಹಂಚುತ್ತಿದ್ದರು, ತಾವೂ ಅವರೊಟ್ಟಿಗೆ ದುಡಿಯುತ್ತಿದ್ದರು. ಅಂಥವರು ಹೋದಾಗ ತಂಡಕ್ಕೆ ಬೀಳುವ ಏಟು ದೊಡ್ಡದು. ಆದರೆ ಅವರು ಕಟ್ಟಿದ ತಂಡ ಉಳಿದಿರುತ್ತದೆ. ಮುಂದಿನ ಕಥೆ ಅದರದು.

ಅಣ್ಣ ಅನಂತ್ ನಾಗ್ ‘ನನ್ನ ತಮ್ಮ ಶಂಕರ’ ಎಂಬ ಪುಸ್ತಕ ಬರೆದರು. ಅಣ್ಣನಷ್ಟೇ ಅಲ್ಲ, ‘ಮಿಂಚಿನ ಓಟ’ದಿಂದ ‘ಮಾಲ್ಗುಡಿ’ವರೆಗೆ ಜೊತೆ ದುಡಿದ ಸಹೋದ್ಯೋಗಿ ಅವರು. ಆರು ವರ್ಷ ದೊಡ್ಡವರು. ಹೋದ ಹಿರಿಯರ ಬಗ್ಗೆ ಉಳಿದ ಕಿರಿಯರು ಬರೆಯುವುದು ಲೋಕರೂಢಿ. ಇಲ್ಲಿ ಅದು ತಲೆಕೆಳಗಾಯಿತು. ಕನ್ನಡದಲ್ಲಿ ವ್ಯಕ್ತಿಚಿತ್ರಕ್ಕೆ ದೊಡ್ಡ ಪರಂಪರೆಯೇ ಇದೆ. ಡಿ.ವಿ.ಜಿ. ಅವರ ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳನ್ನು ತೆರೆದರೆ, ದಿವಾನರಿಂದ ಹಿಡಿದು ಹೆಸರೇ ಕೇಳದ ಸಜ್ಜನರವರೆಗೆ ಎಷ್ಟು ಜನ ಇಂದಿಗೂ ಮಾತಾಡುತ್ತಾರೆ! ಡಿ.ವಿ.ಜಿ. ಅವರಿಗೆ ಪಾತ್ರಗಳಿಂದ ಕಾಲದ ದೂರವಿತ್ತು, ವಯಸ್ಸಿನ ಸಮಾಧಾನವಿತ್ತು. ತಮ್ಮನನ್ನು ಕಳೆದುಕೊಂಡ ಅಣ್ಣನಿಗೆ ಆ ಎರಡೂ ಇರಲಿಲ್ಲ.

ಅರುಂಧತಿ ನಾಗ್ ಹಿಡಿದ ದಾರಿ ಬೇರೆ. ಅವರು ಮುಂಬೈಯ ರಂಗಭೂಮಿಯಲ್ಲಿ ಶಂಕರ್‌ಗೆ ಜೊತೆಯಾದವರು. ಹದಿಹರೆಯದ ಪರಿಚಯ, 1980ರಲ್ಲಿ ಮದುವೆ. ಕನ್ನಡವನ್ನು ಇಲ್ಲಿಗೆ ಬಂದ ಮೇಲೆ ಕಲಿತು, ಕನ್ನಡದ ರಂಗದ ಮೇಲೆ ನಿಂತವರು. ಸಂಸಾರಕ್ಕಿಂತ ಮೊದಲೇ ಸಹೋದ್ಯೋಗ ಇತ್ತು ಎನ್ನಬಹುದು. ಅಪಘಾತದಿಂದ ಚೇತರಿಸಿಕೊಂಡು ಅವರು ಮರಳಿ ರಂಗಕ್ಕೆ ಬಂದರು. ಆಮೇಲೆ ಸಂಕೇತ್‌ನ ಗೆಳೆಯರೊಂದಿಗೆ ಕೈಹಾಕಿದ್ದು ಒಂದು ರಂಗಮಂದಿರ ಕಟ್ಟುವುದಕ್ಕೆ.

ಯಾಕೆ ರಂಗಮಂದಿರ? ಆ ಕಾಲದ ಬೆಂಗಳೂರಿನ ಹವ್ಯಾಸಿ ತಂಡಗಳನ್ನು ಕೇಳಬೇಕು. ರವೀಂದ್ರ ಕಲಾಕ್ಷೇತ್ರ ಇತ್ತು, ಚೌಡಯ್ಯ ಸ್ಮಾರಕ ಭವನ ಇತ್ತು. ಆದರೆ ನೃತ್ಯ, ಸಂಗೀತ, ಸನ್ಮಾನ, ಸಮಾವೇಶ ಎಲ್ಲಕ್ಕೂ ಅವೇ. ದಿನಾಂಕ ಸಿಗುವುದೇ ಕಷ್ಟ. ಸಿಕ್ಕರೂ ಬೆಳಗ್ಗೆ ಸಭೆ ಮುಗಿದು, ಬ್ಯಾನರು ಬಿಚ್ಚಿ, ಮಧ್ಯಾಹ್ನದ ಮೇಲೆ ರಂಗ ಕೈಗೆ ಬಂದರೆ ಪುಣ್ಯ. ಅಷ್ಟರೊಳಗೆ ರಂಗಸಜ್ಜಿಕೆ ನಿಲ್ಲಿಸಿ, ದೀಪಗಳನ್ನು ಕಟ್ಟಿ, ಒಂದು ಸುತ್ತು ಓಡಿಸಿ ನೋಡಿ ಪ್ರದರ್ಶನ ಕೊಡಬೇಕು. ಮುಂಬೈಯಲ್ಲಿ ನಾಟಕಕ್ಕೇ ಮೀಸಲಾದ ಪೃಥ್ವಿ ಥಿಯೇಟರ್‌ನಂಥ ಜಾಗವನ್ನು ಹತ್ತಿರದಿಂದ ಬಲ್ಲವರಿಗೆ ಈ ಕೊರತೆ ಚುಚ್ಚದೆ ಇರುತ್ತದೆಯೇ? ದಿನವೂ ನಾಟಕ ನಡೆಯುವ ಒಂದು ಮನೆ ಬೇಕಿತ್ತು.

ಸರ್ಕಾರ ಜೆ.ಪಿ. ನಗರದಲ್ಲಿ ನಾಗರಿಕ ಸೌಲಭ್ಯದ ನಿವೇಶನವನ್ನು ಗುತ್ತಿಗೆಗೆ ಕೊಟ್ಟಿತು. ಹಣ ಮಾತ್ರ ದಾನಿಗಳಿಂದ ಬರಬೇಕಿತ್ತು. ಕಂಪನಿಗಳ ಬಾಗಿಲು ತಟ್ಟುವುದು, ವಿವರಿಸುವುದು, ಕಾಯುವುದು, ಮತ್ತೆ ಹೋಗುವುದು. ಸಾವಿನ ಮರುದಿನ ಕಣ್ಣೀರಿಟ್ಟವರೆಲ್ಲ ಹತ್ತು ವರ್ಷದ ನಂತರ ಚೆಕ್ ಬರೆಯುವುದಿಲ್ಲ. ಇದು ಯಾರ ಮೇಲಿನ ದೂರೂ ಅಲ್ಲ, ಲೋಕ ಇರುವುದೇ ಹಾಗೆ. ದುಃಖ ಹಳತಾದಷ್ಟೂ ಕೆಲಸ ಕಷ್ಟವಾಗುತ್ತ ಹೋಗುತ್ತದೆ. 2004ರ ಅಕ್ಟೋಬರ್‌ನಲ್ಲಿ ‘ರಂಗಶಂಕರ’ದ ಬಾಗಿಲು ತೆರೆಯಿತು. ಶಂಕರ್ ಹೋಗಿ ಹದಿನಾಲ್ಕು ವರ್ಷ ಆಗಿತ್ತು. ಅದನ್ನು ಕಟ್ಟಿದ ಟ್ರಸ್ಟ್‌ನಲ್ಲಿ ಕಾರ್ನಾಡರೂ ಇದ್ದರು. ಸಂಕೇತ್‌ನ ಒಡನಾಡಿ ಎಸ್. ಸುರೇಂದ್ರನಾಥ್ ಮುಂದೆ ಅಲ್ಲಿನ ಚಟುವಟಿಕೆಗಳಿಗೆ ಬೆನ್ನೆಲುಬಾದರು.

ಆ ಕಟ್ಟಡವನ್ನು ಹತ್ತಿರದಿಂದ ನೋಡಬೇಕು. ಮುನ್ನೂರು ಚಿಲ್ಲರೆ ಆಸನ, ಅಷ್ಟೆ. ರಂಗ ಪ್ರೇಕ್ಷಕರ ಕಡೆಗೆ ಚಾಚಿಕೊಂಡಿದೆ, ಮೂರು ಕಡೆ ಜನ. ಆಸನಗಳ ಸಾಲುಗಳು ಕಡಿದಾಗಿ ಮೇಲೇರುವುದರಿಂದ ಮುಂದಿನವರ ತಲೆ ಅಡ್ಡ ಬರುವುದಿಲ್ಲ. ಕೊನೆಯ ಸಾಲಿನಲ್ಲಿ ಕೂತವನಿಗೂ ನಟಿಯ ಹಣೆಯ ಬೆವರು ಕಾಣುತ್ತದೆ. ಮೈಕಿನ ಆಸರೆ ಬೇಡ, ಪಿಸುಮಾತೂ ತಲುಪುತ್ತದೆ. ತಪ್ಪಿದರೆ ತಪ್ಪೂ ತಲುಪುತ್ತದೆ. ಅಲ್ಲಿ ನಟಿಸಿದವರು ಹೇಳುವುದು ಇದನ್ನೇ: ಆ ರಂಗದ ಮೇಲೆ ಅವಿತುಕೊಳ್ಳಲು ಜಾಗವಿಲ್ಲ.

ಹೊರಗೆ ಕ್ಯಾಂಟೀನು, ಪುಸ್ತಕದ ಮಳಿಗೆ. ಏಳು ಗಂಟೆಗೆಲ್ಲ ಕಾಲೇಜು ಹುಡುಗರು, ಆಫೀಸು ಮುಗಿಸಿ ನೇರ ಬಂದವರು, ಮೊಮ್ಮಕ್ಕಳ ಕೈಹಿಡಿದ ಅಜ್ಜಂದಿರು ಚಹಾ ಹಿಡಿದು ನಿಂತಿರುತ್ತಾರೆ. ಏಳೂವರೆಗೆ ನಾಟಕ ಎಂದರೆ ಏಳೂವರೆಗೇ. ಬಾಗಿಲು ಹಾಕಿದ ಮೇಲೆ ಬಂದವರಿಗೆ ಪ್ರವೇಶವಿಲ್ಲ, ಅವರು ಯಾರೇ ಆಗಿರಲಿ. ಮೊಬೈಲ್ ಬಂದ್. ಒಳಗೆ ತಿಂಡಿ ತೀರ್ಥವಿಲ್ಲ. ಸಮಾರಂಭಗಳು ಗಂಟೆಗಟ್ಟಲೆ ತಡವಾಗುವುದನ್ನು ಸಹಜವೆಂದು ಒಪ್ಪಿಕೊಂಡಿದ್ದ ಊರಿಗೆ ಮೊದಮೊದಲು ಇದು ಕಟುವೆನಿಸಿತು. ಬೆಂಗಳೂರಿನ ಟ್ರಾಫಿಕ್ ನೆಪವನ್ನೂ ಅವರು ಕೇಳಲಿಲ್ಲ. ಅವರು ಮಾಡಿದ್ದು ಸರಿ ಎಂದು ನಾನು ನಂಬುತ್ತೇನೆ. ತಿಂಗಳುಗಟ್ಟಲೆ ತಾಲೀಮು ಮಾಡಿ ಬಂದ ಹದಿನೈದು ಜನರ ಕೆಲಸವನ್ನು ಗೌರವಿಸುವ ರೀತಿ ಅದು. ಸದಾ ಗಡಿಯಾರದ ಜೊತೆ ಓಡುತ್ತಿದ್ದ ಒಬ್ಬ ರಂಗಕರ್ಮಿಯ ಹೆಸರಿನ ಮನೆಯಲ್ಲಿ ಇದಕ್ಕಿಂತ ಒಪ್ಪುವ ಗೌರವ ಬೇರೆ ಯಾವುದಿದೆ?

ಬಾಡಿಗೆಯನ್ನು ಸಣ್ಣ ತಂಡಗಳ ಕೈಗೆಟುಕುವಂತೆ ಇಟ್ಟದ್ದು ಇನ್ನೊಂದು ದೊಡ್ಡ ನಿರ್ಧಾರ. ಅದೇ ದಿನ ಮದುವೆಗೋ ಉತ್ಪನ್ನದ ಪ್ರಚಾರಕ್ಕೋ ಕೊಟ್ಟರೆ ಎಷ್ಟೋ ಪಟ್ಟು ಹಣ ಬರುತ್ತಿತ್ತು. ಕೊಡಲಿಲ್ಲ. ನಾಟಕಕ್ಕೆ ಎಂದು ಕಟ್ಟಿದ್ದು ನಾಟಕಕ್ಕೇ ಉಳಿಯಿತು. ಮಕ್ಕಳಿಗಾಗಿ ‘ಆಹಾ!’ ಎಂಬ ರಂಗ ಕಾರ್ಯಕ್ರಮ ಬೆಳೆಯಿತು. ಪ್ರತಿವರ್ಷ ಉತ್ಸವ ನಡೆಯುತ್ತದೆ. ಶಂಕರ್ ನಾಗ್ ಅವರ ಒಂದು ಸಿನಿಮಾವನ್ನೂ ನೋಡದ ಹುಡುಗ ಹುಡುಗಿಯರು ಇವತ್ತು ಅವರ ಹೆಸರಿನ ರಂಗದ ಮೇಲೆ ಮೊದಲ ಬಾರಿ ಬಣ್ಣ ಹಚ್ಚುತ್ತಾರೆ.

ಮಂದಿರ ತೆರೆದ ಮರುವರ್ಷ, 2005ರಲ್ಲಿ, ಕಾರ್ನಾಡರ ‘ಒಡಕಲು ಬಿಂಬ’ ರಂಗಕ್ಕೆ ಬಂತು. ನಟಿಸಿದ್ದು ಅರುಂಧತಿ ನಾಗ್. ರಂಗದ ಮೇಲೆ ಒಬ್ಬಳೇ ಲೇಖಕಿ, ಎದುರಿಗೆ ಟೀವಿ ಪರದೆ. ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ಪ್ರಶ್ನಿಸತೊಡಗುತ್ತದೆ. ಮೊದಲೇ ಚಿತ್ರೀಕರಿಸಿಟ್ಟ ಆ ಬಿಂಬ ಕಾಯುವುದಿಲ್ಲ. ಅದು ಎಲ್ಲಿ ನಿಲ್ಲಿಸುತ್ತದೋ ಅಲ್ಲಿ ನಟಿ ಮಾತಾಡಬೇಕು, ಅದು ನಕ್ಕಾಗ ಇವಳು ಬೆಚ್ಚಬೇಕು. ಒಂದು ಉಸಿರು ಹೆಚ್ಚು ಕಡಿಮೆಯಾದರೂ ಇಡೀ ಸಂಭಾಷಣೆ ಹಳಿ ತಪ್ಪುತ್ತದೆ. ಸತ್ತುಹೋದ ತಂಗಿಯೊಬ್ಬಳ ನೆರಳು ನಾಟಕದ ತುಂಬ ಇದೆ. ಬರೆದವರು ಶಂಕರ್‌ನ ಹಿರಿಯ ಗೆಳೆಯ, ನಟಿಸಿದವರು ಬಾಳಸಂಗಾತಿ, ನಡೆದದ್ದು ಶಂಕರ್ ಹೆಸರಿನ ಮನೆಯಲ್ಲಿ. ಆದರೆ ನಾಟಕದಲ್ಲಿ ಶಂಕರ್ ಬಗ್ಗೆ ಒಂದು ಮಾತೂ ಇಲ್ಲ. ಬೇಕಾಗಿಯೂ ಇರಲಿಲ್ಲ. ಗೆಳೆಯರು ತಮ್ಮ ಕೈಲಾದಷ್ಟು ಒಳ್ಳೆಯ ನಾಟಕ ಮಾಡಿದರು. ನನ್ನ ಮಟ್ಟಿಗೆ ಯಾವ ಸ್ಮರಣೋಪನ್ಯಾಸಕ್ಕಿಂತಲೂ ಅದು ಮೇಲು.

ಇಂಥದ್ದೇ ಇನ್ನೊಂದು ಕೆಲಸ ಮಲೆನಾಡಿನಲ್ಲಿ ಆಗಿದೆ. ಶಿವಮೊಗ್ಗ–ತಾಳಗುಪ್ಪ ರೈಲು ಮಾರ್ಗದಲ್ಲಿ ಅರಸಾಳು ಎಂಬ ಸಣ್ಣ ನಿಲ್ದಾಣವಿದೆ. ‘ಮಾಲ್ಗುಡಿ ಡೇಸ್’ನ ರೈಲು ನಿಲ್ದಾಣ ಅದೇ. ಕೆಲಸಕ್ಕೆ ಬಾರದೆ ಉಳಿದಿದ್ದ ಹಳೆಯ ಕಟ್ಟಡವನ್ನು ರೈಲ್ವೆ ಇಲಾಖೆ ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅದನ್ನು ರೂಪಿಸಿದವರು ಜಾನ್ ದೇವರಾಜ್. ಧಾರಾವಾಹಿಗೆ ಆಗುಂಬೆಯನ್ನು ಮಾಲ್ಗುಡಿ ಮಾಡಿಕೊಟ್ಟ ಕಲಾ ನಿರ್ದೇಶಕ ಅವರೇ. ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ ಅದೇ ಕೈ ಮತ್ತೆ ಅದೇ ಊರನ್ನು ಕಟ್ಟಿತು. ಮೊದಲ ಸಲ ಕಟ್ಟಿದ್ದು ಚಿತ್ರೀಕರಣ ಮುಗಿದ ಕೂಡಲೇ ಕಳಚುವುದಕ್ಕೆ. ಎರಡನೇ ಸಲ ಕಟ್ಟಿದ್ದು ಉಳಿಯುವುದಕ್ಕೆ.

ಸಿನಿಮಾ, ನಾಟಕದವರಿಗೆ ಸಾಧ್ಯವಾದದ್ದು ಬರೆಯುವವರಲ್ಲೂ ನಡೆದಿದೆ. ವಿಮರ್ಶಕ ಡಿ.ಆರ್. ನಾಗರಾಜ್ 1998ರ ಆಗಸ್ಟ್‌ನಲ್ಲಿ ಹೃದಯಾಘಾತದಿಂದ ಹೋದಾಗ ಅವರಿಗೆ ನಲವತ್ತನಾಲ್ಕು. ದೊಡ್ಡಬಳ್ಳಾಪುರದ ನೇಕಾರ ಮನೆತನದಿಂದ ಬಂದು, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಿ, ಷಿಕಾಗೊ ವಿಶ್ವವಿದ್ಯಾಲಯದಲ್ಲೂ ಪಾಠ ಹೇಳಿದವರು. ಕೈಯಲ್ಲಿ ಎಷ್ಟೋ ಬರವಣಿಗೆ ಅರ್ಧವಾಗಿತ್ತು. ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’ ಪುಸ್ತಕವಾಗಿ ಬಂದದ್ದು ಅವರು ಹೋದ ಮೇಲೆ. ‘ಸಾಹಿತ್ಯ ಕಥನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಸ್ವೀಕರಿಸಲು ಅವರಿರಲಿಲ್ಲ. ಕನ್ನಡ ಸಾಹಿತ್ಯ ಸಂಸ್ಕೃತಿಯ ಬಗ್ಗೆ ಅವರು ಬರೆದ ದೀರ್ಘ ಪ್ರಬಂಧ, ಷೆಲ್ಡನ್ ಪೊಲಾಕ್ ಸಂಪಾದಿಸಿದ ಬೃಹತ್ ಗ್ರಂಥದಲ್ಲಿ 2003ರಲ್ಲಿ ಅಚ್ಚಾಯಿತು. ಇಂಗ್ಲಿಷ್ ಬರಹಗಳನ್ನು ಪೃಥ್ವಿದತ್ತ ಚಂದ್ರಶೋಭಿ ಒಂದೊಂದಾಗಿ ಕೂಡಿಸಿ, ತಿದ್ದಿ, 2010 ಮತ್ತು 2012ರಲ್ಲಿ ಎರಡು ಸಂಪುಟಗಳಾಗಿ ತಂದರು. ಸತ್ತವರ ಹಸ್ತಪ್ರತಿ ಸಂಪಾದಿಸುವುದು ಎಂಥ ಕೆಲಸವೆಂದು ಮಾಡಿದವರಿಗೇ ಗೊತ್ತು. ಅಡ್ಡಗೆರೆ ಎಳೆದ ಸಾಲನ್ನು ಲೇಖಕ ಬಿಟ್ಟುಬಿಟ್ಟರೋ, ತಿರುಗಿ ಬರೆಯಲೆಂದು ಗುರುತು ಹಾಕಿದರೋ? ಕೇಳಲು ಯಾರೂ ಇಲ್ಲ. ಇಷ್ಟು ಮಾಡಿದರೂ ಮುಖಪುಟದ ಮೇಲೆ ದೊಡ್ಡಕ್ಷರದಲ್ಲಿ ಬರುವುದು ಹೋದವರ ಹೆಸರು. ಹಾಗೇ ಬರಬೇಕು ಕೂಡ.

ಇನ್ನೂ ಹಿಂದೆ ಹೋದರೆ ಕುವೆಂಪು ಇದ್ದಾರೆ. ಗುರುಗಳೂ ಹಿರಿಯ ಸಹೋದ್ಯೋಗಿಗಳೂ ಆಗಿದ್ದ ಟಿ.ಎಸ್. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ‘ಶ್ರೀ ರಾಮಾಯಣ ದರ್ಶನಂ’ ಮುಗಿದದ್ದು ಆಮೇಲೆ. ಕಾವ್ಯವನ್ನು ಕೇಳಬೇಕಾದವರು ಇಲ್ಲದಿದ್ದರೂ, ಕವಿ ಮಹಾಕಾವ್ಯವನ್ನು ಅವರಿಗೇ ಒಪ್ಪಿಸಿ, ಕೆಲಸ ಮುಗಿಸಿ ತಂದಿದ್ದೇನೆ ಎಂಬಂತೆ ಮೊದಲಲ್ಲೇ ಅವರೊಡನೆ ಮಾತಾಡುತ್ತಾರೆ.

ನಮ್ಮಲ್ಲಿ ಈಗ ಯಾರಾದರೂ ಹೋದರೆ ಒಂದು ನುಡಿನಮನ ಸಭೆ ಏರ್ಪಡುತ್ತದೆ. ಭಾವಚಿತ್ರಕ್ಕೆ ಹಾರ, ಎರಡು ನಿಮಿಷ ಮೌನ, ಒಬ್ಬೊಬ್ಬರಾಗಿ ಒಡನಾಟದ ನೆನಪು. ಇದು ಬೇಕು. ಅಂದು ಮನೆಯವರು ಮುಂದಿನ ಸಾಲಿನಲ್ಲಿ ಕೂತು, ತಮಗೆ ಗೊತ್ತಿರದ ಗಂಡನನ್ನೋ ಮಗಳನ್ನೋ ಸಹೋದ್ಯೋಗಿಗಳ ಬಾಯಲ್ಲಿ ಕೇಳಿ ತಿಳಿಯುತ್ತಾರೆ. ಆಫೀಸಿನಲ್ಲಿ ಹೊಸಬರಿಗೆ ಕೆಲಸ ಕಲಿಸಿದ್ದು, ಯಾರದೋ ಶಾಲೆ ಫೀಸು ಸದ್ದಿಲ್ಲದೆ ಕಟ್ಟಿದ್ದು, ಇಂಥವು ಅಂದೇ ಮನೆಯವರ ಕಿವಿಗೆ ಬೀಳುವುದು. ಎಂಥ ದೊಡ್ಡ ಭಾಷಣಕ್ಕಿಂತಲೂ ಆ ಒಂದು ಸಣ್ಣ ಸಂಗತಿ ಅವರಿಗೆ ಹೆಚ್ಚು ಆಸರೆ. ಆದ್ದರಿಂದ ಸಭೆಯಲ್ಲಿ ಮಾತಾಡುವವರು ‘ತುಂಬಲಾರದ ನಷ್ಟ’ ಎಂದು ಮುಗಿಸದೆ, ತಾವು ಕಣ್ಣಾರೆ ಕಂಡ ಒಂದು ಘಟನೆಯನ್ನಾದರೂ ಹೇಳಬೇಕು.

ಸಭೆ ಮುಗಿದ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ. ಹೋದವರ ಮೇಜಿನ ಮೇಲೆ ಏನಿತ್ತು ಎಂದು ನೋಡುವುದು. ಎಲ್ಲರೂ ರಂಗಮಂದಿರ ಕಟ್ಟಬೇಕಿಲ್ಲ. ಮೇಷ್ಟರಾಗಿದ್ದರೆ ಅವರು ಅರ್ಧ ಮುಗಿಸಿದ ಪಾಠ ಇರುತ್ತದೆ. ಪತ್ರಕರ್ತರಾಗಿದ್ದರೆ ಬೆನ್ನು ಹತ್ತಿದ್ದ ಒಂದು ಸುದ್ದಿ ಇರುತ್ತದೆ. ರೈತ ಸಂಘದವರಾಗಿದ್ದರೆ ಕಚೇರಿಯಲ್ಲಿ ಕೊಳೆಯುತ್ತಿರುವ ಅರ್ಜಿ, ಹವ್ಯಾಸಿ ತಂಡದವರಾಗಿದ್ದರೆ ಓದಿ ನೋಡಿ ಎಂದು ಕೊಟ್ಟಿದ್ದ ಒಂದು ನಾಟಕದ ಪ್ರತಿ. ಅದನ್ನು ಕೈಗೆತ್ತಿಕೊಳ್ಳುವವರು ಜೊತೆಯಲ್ಲಿ ದುಡಿದವರೇ ಆಗಬೇಕು, ಏಕೆಂದರೆ ಅದು ಏನೆಂದು ಬೇರೆಯವರಿಗೆ ಗೊತ್ತೇ ಇರುವುದಿಲ್ಲ. ತಡವಾದರೆ ಚಿಂತೆಯಿಲ್ಲ. ರಂಗಶಂಕರಕ್ಕೆ ಹದಿನಾಲ್ಕು ವರ್ಷ ಹಿಡಿಯಿತು.

ಗಿರೀಶ ಕಾರ್ನಾಡರು 2019ರ ಜೂನ್ 10ರಂದು ತೀರಿಕೊಂಡರು. ಶಂಕರ್ ಜೊತೆ ಶುರು ಮಾಡಿದವರಲ್ಲಿ ಉಳಿದವರಿಗೂ ವಯಸ್ಸಾಗಿದೆ. ಆ ಮನೆಯನ್ನು ಇನ್ನು ನಡೆಸಬೇಕಾದವರು ಅಲ್ಲಿ ಟಿಕೆಟ್ ಕೊಳ್ಳುವವರು. ರಂಗಶಂಕರದಲ್ಲಿ ಸೋಮವಾರ ಬಿಟ್ಟು ಉಳಿದ ದಿನ ನಾಟಕಗಳಿರುತ್ತವೆ. ಬೆಂಗಳೂರಿನಲ್ಲಿರುವವರು ಒಮ್ಮೆ ಹೋಗಿ ಬನ್ನಿ, ಪರ ಊರಿನವರು ಬೆಂಗಳೂರಿಗೆ ಬಂದಾಗ ಒಂದು ಸಂಜೆ ಅದಕ್ಕೆಂದು ಇಟ್ಟುಕೊಳ್ಳಿ. ಏಳೂವರೆಗೆ ಸ್ವಲ್ಪ ಮುಂಚೆಯೇ ತಲುಪಿ.